ಮುದ್ದೆ, ಟೊಮೆಟೊ, ಅಲ್ಗಾರಿದಮ್: ಕೋಲಾರದಲ್ಲಿ ಮಕ್ಕಳಿಗೆ ಹತ್ತು ದಿನದ ಕ್ಲಾಸು

ಟೇಕಲ್ ರಸ್ತೆ ಕಡೆ ರಿಟೈರ್ಡ್ ಗಣಿತದ ಮೇಷ್ಟ್ರೊಬ್ರು ಬೇಸಿಗೆ ರಜೇಲಿ ಮನೆ ಮಹಡಿ ಮೇಲೆ ಮಕ್ಕಳಿಗೆ ಅಲ್ಗಾರಿದಮ್, ಅಂದ್ರೆ ಒಂದು ಕೆಲಸನ ಹಂತ ಹಂತವಾಗಿ ಮಾಡೋ ಕ್ರಮ, ಹೇಳ್ಕೊಟ್ರು, ದಿನಕ್ಕೆ ಎರಡು ಗಂಟೆ, ಫೀಸು 1,200 ರೂಪಾಯಿ. ಐದನೇ ಕ್ಲಾಸ್ ಮುಗಿಸಿರೋ ನನ್ನ ಮಗಳನ್ನ ಕಳಿಸಿದ್ದೆ. ಹೆಂಗಿತ್ತು ಅಂತ ತುಂಬ ಜನ ಕೇಳ್ತಿದಾರೆ, ಅದಕ್ಕೆ ಬರೀತಿದೀನಿ.

ಕಂಪ್ಯೂಟರ್ ಕಲಿಸ್ತಾರೆ ಅಂತ ಕಳಿಸಿದ್ರೆ ಮೊದಲ ಎಂಟು ದಿನ ಕಂಪ್ಯೂಟರೇ ಇಲ್ಲ. ಮೊದಲನೇ ದಿನ ಮೇಷ್ಟ್ರು ಒಂದು ಪಾತ್ರೆ, ರಾಗಿ ಹಿಟ್ಟು, ಹಿಟ್ಟಿನ ಕೋಲು ತಂದಿಟ್ಟು ಮುದ್ದೆ ಮಾಡೋದು ಹೆಂಗೆ ಬರೀರಿ, ನೀವು ಬರೆದಿದ್ದಷ್ಟೇ ಮಾಡ್ತೀನಿ ಅಂದ್ರಂತೆ. ನಮ್ಮೋಳು "ನೀರು ಹಾಕು, ಹಿಟ್ಟು ಹಾಕು, ತಿರುವು" ಅಂತ ಬರೆದಿದ್ದಾಳೆ, ಒಲೆ ಹಚ್ಚು ಅಂತ ಬರೆದಿಲ್ಲ, ಅವ್ರು ತಣ್ಣೀರಿಗೇ ಹಿಟ್ಟು ಸುರಿದು ತಿರುವುತಾ ನಿಂತ್ಬಿಟ್ರು. ಮನೆಗೆ ಬಂದೋಳೇ ಸೀದಾ ಅಡಿಗೆಮನೆಗೆ ಹೋಗಿ ಅಜ್ಜಿ ಪಕ್ಕ ನಿಂತ್ಕೊಂಡು ಒಂದೊಂದಾಗಿ ಬರ್ಕೊಂಡ್ಲು. ಎಸರು ಕುದಿಯೋವರೆಗೂ ಕಾಯಿ. ಗಂಟು ಇರೋವರೆಗೂ ತಿರುವು. ಒದ್ದೆ ಬೆರಳಲ್ಲಿ ಮುಟ್ಟಿ ನೋಡು, ಅಂಟಿದ್ರೆ ಇನ್ನೂ ಬೇಯಿಸು, ಅಂಟದಿದ್ರೆ ಇಳಿಸು. ಮಾರನೇ ದಿನ ಮೇಷ್ಟ್ರು ಅದನ್ನೇ ಬೋರ್ಡ್ ಮೇಲೆ ಬರೆದು, "ಇರೋವರೆಗೂ" ಅನ್ನೋದು ಲೂಪು, ಅಂದ್ರೆ ಅದನ್ನೇ ಮತ್ತೆ ಮತ್ತೆ ಮಾಡೋದು, "ಅಂಟಿದ್ರೆ" ಅನ್ನೋದು ಕಂಡೀಷನ್ನು, ಅಂದ್ರೆ ಷರತ್ತು ಅಂತ ಹೇಳಿದ್ರಂತೆ. ನಮ್ಮಮ್ಮ ಐವತ್ತು ವರ್ಷದಿಂದ ಮಾಡ್ಕೊಂಡು ಬಂದಿದ್ದಕ್ಕೆ ಇಷ್ಟು ಮರ್ಯಾದೆ ಸಿಕ್ಕಿದ್ದು ನೋಡಿ ನನಗೆ ನಿಜವಾಗ್ಲೂ ಖುಷಿ ಆಯ್ತು.

1ರಿಂದ 100ರೊಳಗೆ ಒಂದು ನಂಬರ್ ಮನಸಲ್ಲಿ ಇಟ್ಕೊಳ್ಳಿ, ಏಳೇ ಸಲ ಕೇಳಿ ಹಿಡೀತೀನಿ ಅನ್ನೋ ಆಟನೂ ಇತ್ತು, 50ಕ್ಕಿಂತ ದೊಡ್ಡದಾ ಚಿಕ್ಕದಾ ಅಂತ ಪ್ರತಿ ಸಲ ಅರ್ಧ ಬಿಡ್ತಾ ಹೋಗೋದು, 1000ದವರೆಗೂ ಆದ್ರೆ ಹತ್ತು ಸಲ ಸಾಕು. ಈಗ ಡಿಕ್ಷನರೀನೂ ಹಂಗೇ ಮಧ್ಯಕ್ಕೆ ತೆಗೆದು ಹುಡುಕ್ತಾಳೆ.

ನನಗೆ ತುಂಬ ಹಿಡಿಸಿದ್ದು ಜೋಡಿಸೋ ಪಾಠ. ಎಂಟು ಮಕ್ಕಳನ್ನ ಎತ್ತರದ ಪ್ರಕಾರ ನಿಲ್ಲಿಸ್ಬೇಕು, ಒಬ್ರನ್ನ ಇನ್ನೊಬ್ರ ಜೊತೆ ನಿಲ್ಲಿಸಿ ನೋಡ್ತಾ ಎಲ್ಲ ಜೋಡಿನೂ ಮುಗಿಸಿದ್ರೆ 28 ಸಲ ಆಗುತ್ತೆ. ಭಾನುವಾರ ಅವಳನ್ನ ಎಪಿಎಂಸಿಗೆ ಕರ್ಕೊಂಡು ಹೋಗಿದ್ದೆ, ನಮ್ದು ಟೊಮೆಟೊ ಮಂಡಿ. ದಪ್ಪ, ಮೀಡಿಯಂ, ಗೋಲಿ ಅಂತ ಆಯ್ದು ಬಾಕ್ಸಿಗೆ ಹಾಕೋದು ನೋಡ್ಕೊಂಡು ನಿಂತೋಳು, "ಅಪ್ಪಾ, ಇವ್ರು ಒಂದು ಹಣ್ಣನ್ನ ಇನ್ನೊಂದರ ಜೊತೆ ಹೋಲಿಸ್ತಾನೇ ಇಲ್ಲ, ಒಂದು ಸಲ ನೋಡಿ ಹಾಕ್ಬಿಡ್ತಾರೆ, ಅದಕ್ಕೇ ಬೇಗ ಆಗುತ್ತೆ" ಅಂದ್ಲು. ಇಷ್ಟು ವರ್ಷ ಅಲ್ಲೇ ಕೂತಿದ್ರೂ ನಾನು ಇದನ್ನ ಯೋಚನೆ ಮಾಡಿರ್ಲಿಲ್ಲ. ಹದಿನೈದು ಕೆಜಿ ಬಾಕ್ಸು ಸಾಲಾಗಿ ಹರಾಜಿಗೆ ಬಂದು ನಿಂತಿರುತ್ತೆ, ಅಲ್ಲಿ ಹಣ್ಣಿಗೆ ಹಣ್ಣು ಹೋಲಿಸ್ತಾ ಕೂತ್ರೆ ಮಾಲು ಹೋಗೋದು ಯಾವಾಗ?

ಅಲ್ಗಾರಿದಮ್ ಅನ್ನೋ ಪದ 9ನೇ ಶತಮಾನದಲ್ಲಿ ಬಾಗ್ದಾದಿನಲ್ಲಿದ್ದ ಅಲ್-ಖ್ವಾರಿಜ್ಮಿ ಹೆಸರಿಂದ ಬಂದಿದ್ದು, ಆತ ನಮ್ಮ ದೇಶದ ಅಂಕಿಗಳಲ್ಲಿ ಲೆಕ್ಕ ಮಾಡೋದು ಹೆಂಗೆ ಅಂತ ಪುಸ್ತಕ ಬರೆದಿದ್ದ, ಹಂಗಾಗಿ ದಶಕ ತಗೊಂಡು ಕೂಡೋದೂ ಅಲ್ಗಾರಿದಮ್ಮೇ ಅಂತಾನೂ ಹೇಳ್ಕೊಟ್ಟಿದ್ದಾರೆ. ಮೊಬೈಲಲ್ಲಿ ಒಂದು ವಿಡಿಯೋ ಪೂರ್ತಿ ನೋಡಿದ್ರೆ ಅಂಥದ್ದೇ ಯಾಕೆ ಬರುತ್ತೆ ಅಂತ ಚೀಟಿ ಆಟ ಆಡಿಸಿದ್ದಾರೆ, ಅದನ್ನ ಇನ್ನೊಂದು ದಿನ ಎಳೀಬೇಕಿತ್ತು, ಮನೆಮನೇಲೂ ಬೇಕಾಗಿರೋದು ಅದೇ.

ಸರಿ ಇಲ್ಲದ್ದೂ ಹೇಳ್ತೀನಿ. ಕೊನೇ ಎರಡು ದಿನ ಸ್ಕ್ರಾಚ್ ಅಂತ ಮಕ್ಕಳ ಪ್ರೋಗ್ರಾಮಿಂಗ್ ಸಾಫ್ಟ್‌ವೇರ್ ಮಾಡಿಸಿದ್ರು, ಅಮೆರಿಕದ ಎಂಐಟಿ ಯೂನಿವರ್ಸಿಟಿಯೋರು 2007ರಲ್ಲಿ ಬಿಟ್ಟಿದ್ದು, ಫ್ರೀ, ಬ್ಲಾಕ್ ಜೋಡಿಸಿ ಸ್ಕ್ರೀನ್ ಮೇಲಿನ ಬೆಕ್ಕನ್ನ ಓಡಿಸ್ಬೋದು, ಆದ್ರೆ 18 ಮಕ್ಕಳಿಗೆ ಮೂರೇ ಲ್ಯಾಪ್‌ಟಾಪು, ನಮ್ಮೋಳಿಗೆ ಹತ್ತು ನಿಮಿಷನೂ ಸಿಗಲಿಲ್ಲ. ಎರಡನೇ ಕ್ಲಾಸಿನ ಮಕ್ಕಳನ್ನೂ ಏಳನೇ ಕ್ಲಾಸಿನೋರನ್ನೂ ಒಟ್ಟಿಗೆ ಕೂರಿಸಿದ್ರು, ಚಿಕ್ಕವ್ರು ಮೂರನೇ ದಿನಕ್ಕೇ ಬರೋದು ಬಿಟ್ರು. ಶೀಟ್ ಮನೆ, ಫ್ಯಾನ್ ಒಂದೇ, ಮೇ ತಿಂಗಳ ಬಿಸಿಲು. ಇದನ್ನೆಲ್ಲ ಮೇಷ್ಟ್ರಿಗೇ ಹೇಳಿದೀನಿ, ದಸರಾ ರಜೇಲಿ ಎರಡು ಬ್ಯಾಚ್ ಮಾಡ್ತೀನಿ ಅಂದಿದ್ದಾರೆ.

ನಾಲ್ಕನೇ ಕ್ಲಾಸ್ ಮೇಲಿನ ಮಕ್ಕಳಿದ್ರೆ ಕಳಿಸಿ, ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಎರಡನೇ ಕ್ಲಾಸಲ್ಲಿರೋ ನನ್ನ ಚಿಕ್ಕ ಮಗನ್ನ ಮಾತ್ರ ಬ್ಯಾಚ್ ಬೇರೆ ಮಾಡಿದ್ರಷ್ಟೇ ಕಳಿಸ್ತೀನಿ.