ಕಸ್ಟಮ್ ಬ್ಯಾರಲ್‌ಗೆ 8,500 ಕೊಟ್ಟೆ, ನನ್ನದೇ ಹಳೇ ಬ್ಯಾರಲ್ ವಾಪಸ್ ಬಂತು

ಕಲಬುರಗಿ ಕಡೆ ಏರ್ ರೈಫಲ್ ಇಟ್ಟುಕೊಂಡವರು ದಯವಿಟ್ಟು ಓದಿ. ಬರೆಯೋಕೆ ನಾಚಿಕೆ ಆಗ್ತಿದೆ, ಆದರೂ ಬರೆಯುತ್ತಿದ್ದೇನೆ.

ನನ್ನದು .177ರ (4.5 ಮಿ.ಮೀ. ಅಳತೆಯ) ಸ್ಪ್ರಿಂಗ್ ರೈಫಲ್. ಮಾಳಿಗೆ ಮೇಲೆ 10 ಮೀಟರ್ ಅಳೆದು, ಹಿಂದೆ ಉಸುಕಿನ ಚೀಲ ಒಟ್ಟಿ, ಮಗನ ಜೊತೆ ಹೊಡೆಯುತ್ತೇನೆ. ಕಂಪನಿ ಬ್ಯಾರಲ್‌ನಲ್ಲೇ, ಅಂದರೆ ಜೊತೆಗೆ ಬಂದ ನಳಿಗೆಯಲ್ಲೇ, ಐದು ಪೆಲೆಟ್ (ಸೀಸದ ಸಣ್ಣ ಗುಂಡು) ಬಿದ್ದ ಜಾಗ ಒಂದು ರೂಪಾಯಿ ನಾಣ್ಯದಡಿ ಮುಚ್ಚುತ್ತಿತ್ತು. ಅಷ್ಟು ಸಾಕಿತ್ತು ಅಲ್ವಾ? ನನಗೆ ಸಾಲಲಿಲ್ಲ.

ರಿಪೇರಿಯವನು ಅಂದ, "ಕಂಪನಿದು ತೆಗದ್ ಒಗೀರಿ ಸಾಹೇಬ್ರ. ಜರ್ಮನಿ ಮಾಲ್ ಹಾಕ್ತೀನಿ, ಲೋಥರ್ ವಾಲ್ಥರ್." ಬ್ಯಾರಲ್‌ಗೇ ಹೆಸರಾದ ಕಂಪನಿ ಅದು, ಆ ಹೆಸರು ಕೇಳಿಯೇ ಕರಗಿಹೋದೆ. ಪವರ್ ಕೂಡ ಏರಿಸ್ತೀನಿ ಅಂದ, ಬೇಡ ಅಂದೆ. ಪೆಲೆಟ್ ಹೊರಡುವ ಶಕ್ತಿ 20 ಜೂಲ್ ದಾಟಿದರೆ ಲೈಸೆನ್ಸ್ ಬೇಕು. ನನ್ನ ಬುದ್ಧಿ ಅಷ್ಟಕ್ಕೇ ಮುಗೀತು. ಬಿಲ್ ಕೇಳಿದೆ. "ಜಿಎಸ್‌ಟಿ ಬೀಳ್ತದ್ರಿ, ಸುಮ್ನೆ ಯಾಕ?" ಅಂದ. ದುಡ್ಡು ಮೊದಲೇ ಕೊಟ್ಟೆ. ಪೂರ್ತಿ.

ಎರಡು ವಾರ ಅಂದವನು ಎರಡು ತಿಂಗಳು ಎಳೆದ. "ಮಾಲ್ ಹೈದರಾಬಾದಿಗೆ ಬಂದದ್ರಿ." ಆಮೇಲೆ, "ಶರಣಬಸಪ್ಪನ ಜಾತ್ರಿ ಮುಗೀಲ್ರಿ."

ಕೊನೆಗೆ ಕೈಗೆ ಬಂತು. ಕಪ್ಪಗೆ ಮಿರಮಿರ. ಮೊದಲ ಐದು ಪೆಲೆಟ್ ಚುರಮುರಿ ಚೆಲ್ಲಿದ ಹಾಗೆ ಬಿದ್ದವು. ನನ್ನ ಕೈಯೇ ಸರಿ ಇಲ್ಲ ಅಂದುಕೊಂಡೆ. ಫೋನ್ ಮಾಡಿದರೆ, "ಹೊಸಾ ಬ್ಯಾರಲ್ರಿ, ಸೆಟ್ ಆಗ್ಬೇಕು. ಐನೂರು ಹೊಡೀರಿ." ಹೊಡೆದೆ! ಆ ಬಿಸಿಲಲ್ಲಿ ಐನೂರೂ ಹೊಡೆದೆ!

ಆಮೇಲೆ ಮಗ ಕರೆದ. "ಅಪ್ಪಾ, ಈ ಗೀರು ನೋಡು." ಗುರಿ ಹಿಡಿಯುವ ಮುಂದಿನ ಸೈಟ್ ಪಕ್ಕ, ಬಾಲ ಬಾಗಿದ ಸಣ್ಣ ಗೀರು. ಎರಡು ವರ್ಷದ ಹಿಂದೆ ನನ್ನ ಕೈಯಿಂದಲೇ ಸ್ಕ್ರೂಡ್ರೈವರ್ ಜಾರಿ ಆದದ್ದು. ಸೀಮೆಎಣ್ಣೆ ಬಟ್ಟೆಯಲ್ಲಿ ಉಜ್ಜಿದೆ. ಬಣ್ಣ ಬಟ್ಟೆಗೆ ಬಂತು, ಗೀರು ಅಲ್ಲೇ ಉಳಿಯಿತು. ಮಗನ ಮುಖ ನೋಡೋಕೆ ಆಗಲಿಲ್ಲ.

ಅಷ್ಟೇ ಆಗಿದ್ದರೆ ಬಣ್ಣ ಬಳಿದು ದುಡ್ಡು ತಿಂದ ಅನ್ನಬಹುದಿತ್ತು. ಹೊಸದರಂತೆ ಕಾಣಲಿ ಅಂತ ಬ್ಯಾರಲ್ ಬಾಯಿಗೂ ಅರ ಹಾಕಿದ್ದಾನೆ. ಒಂದು ಕಡೆ ಹೆಚ್ಚು ಸವೆದಿದೆ. ಪೆಲೆಟ್ ಹೊರಬೀಳುವಾಗ ಗಾಳಿ ಆ ಕಡೆಯಿಂದ ಮೊದಲು ನುಗ್ಗಿ ಅದನ್ನು ಓರೆ ಮಾಡುತ್ತದೆ. ಈಗ ಜಾತ್ರೆಯಲ್ಲಿ ಬಲೂನ್ ಹೊಡೆಯುವ ಬಂದೂಕೇ ಇದಕ್ಕಿಂತ ವಾಸಿ.

ಕೇಳಿದ್ದಕ್ಕೆ, "ಗೀರು ಎಲ್ಲಾ ಬ್ಯಾರಲ್‌ಗೂ ಇರ್ತದ್ರಿ." ಎಲ್ಲಾ ಬ್ಯಾರಲ್‌ಗೂ! ಅದೇ ಜಾಗದಲ್ಲಿ! ಹಾಗಾದರೆ ನನ್ನ ಹಳೇದೆಲ್ಲಿ? "ಗುಜರಿಗೆ ಹೋತ್ರಿ."

ಹಳೇ ಬ್ಯಾರಲ್ ಕೈಗೆ ಬಾರದೆ ದುಡ್ಡು ಬಿಡಬೇಡಿ. ಬಿಚ್ಚುವ ಮೊದಲೇ ಫೋಟೋ ತೆಗೆದಿಡಿ. ಬ್ಯಾರಲ್ ಬದಲಿಸುವ ಮೊದಲು ಪೆಲೆಟ್ ಬದಲಿಸಿ ನೋಡಿ. .177ರಲ್ಲೇ ಪೆಲೆಟ್ ತಲೆಯ ಅಗಲ 4.50 ಮಿ.ಮೀ., 4.52 ಮಿ.ಮೀ. ಅಂತ ಬೇರೆ ಬೇರೆ ಡಬ್ಬಿ ಸಿಗುತ್ತವೆ, ಒಂದೊಂದು ಬ್ಯಾರಲ್‌ಗೆ ಒಂದೊಂದು ಹೊಂದುತ್ತದೆ. ನಾನು ಒಂದೇ ಡಬ್ಬಿ ಹಿಡಿದು ಕೂತಿದ್ದೆ.

ನಿನ್ನೆ ಅವನದೇ ಮೆಸೇಜ್ ಬಂತು. "ತಂದ್ ಕೊಡ್ರಿ ಸಾಹೇಬ್ರ, ಬಾಯಿ ಸರಿ ಮಾಡ್ತೀನಿ. 1,500 ಆಗ್ತದ."