ಕಿಕ್ ಇಲ್ಲದ ಸಿಗರೇಟು: ವಿಎಲ್‌ಎನ್ ಕಿಂಗ್

ನಮ್ಮದು ಪಿರಿಯಾಪಟ್ಟಣದ ಕಡೆ, ಹೊಗೆಸೊಪ್ಪು ಬೆಳೆಯುವ ಮನೆ. ಗಿಡ ಹೂ ಬಿಡುವ ಹೊತ್ತಿಗೆ ಕುಡಿ ಮುರಿಯುತ್ತಾರೆ. ಆಗ ಎಲೆ ದಪ್ಪವಾಗುತ್ತದೆ, ನಿಕೋಟಿನ್ ಕೂಡ ಏರುತ್ತದೆ. ಈಗ ನಾನಿರುವುದು ಷಿಕಾಗೊ ಹತ್ತಿರ. ಇಲ್ಲಿ ನಿಕೋಟಿನ್ ತೀರಾ ಕಡಿಮೆ ಇರುವ ಸಿಗರೇಟು ಸಿಗುತ್ತದೆ ಅಂದಾಗ ಕುತೂಹಲ ಸುಮ್ನೆ ಬಿಡಲಿಲ್ಲ.

ಹೆಸರು ವಿಎಲ್‌ಎನ್ ಕಿಂಗ್, ಮಾಡುವವರು 22ನೇ ಸೆಂಚುರಿ ಗ್ರೂಪ್. ಮಾಮೂಲಿ ಸಿಗರೇಟಿಗಿಂತ ಶೇ 95ರಷ್ಟು ಕಡಿಮೆ ನಿಕೋಟಿನ್ ಎಂದು ಹೇಳಿಕೊಳ್ಳಲು ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಮರುವರ್ಷ ಷಿಕಾಗೊದ ಸರ್ಕಲ್ ಕೆ ಅಂಗಡಿಗಳಲ್ಲಿ ಮೊದಲು ಮಾರಾಟಕ್ಕೆ ಬಂತು. ನಿಕೋಟಿನ್ನನ್ನು ಆಮೇಲೆ ತೊಳೆದು ತೆಗೆದದ್ದಲ್ಲ, ಗಿಡವೇ ಕಡಿಮೆ ತಯಾರಿಸುವಂತೆ ಅದರ ಜೀನ್‌ಗಳನ್ನು ತಿದ್ದಿದ್ದಾರೆ. ನಮ್ಮಪ್ಪನಿಗೆ ಫೋನಿನಲ್ಲಿ ಹೇಳಿದೆ. "ಹಂಗಾದ್ರೆ ಅದನ್ನ ಯಾಕಪ್ಪಾ ಸೇದೋದು?" ಅಂದರು.

ಹಚ್ಚಿದರೆ ಎಲ್ಲಾ ಸಿಗರೇಟಿನ ಹಾಗೇ. ಅದೇ ಹೊಗೆ, ಅದೇ ಬೂದಿ, ಬಟ್ಟೆಗೆ ಅದೇ ವಾಸನೆ. ತಲೆಗೆ ಮಾತ್ರ ಏನೂ ಏರುವುದಿಲ್ಲ. ಹಾಸನದ ಗೆಳೆಯನಿಗೆ ಒಂದು ಕೊಟ್ಟೆ. ಅರ್ಧ ಸೇದಿ, "ಕಾಫಿಪುಡಿ ಹಾಕದ ಕಾಫಿ ಕಣೋ ಇದು" ಅಂದ. ಅದು ದೂರಲ್ಲ, ಈ ಸಿಗರೇಟಿರುವುದೇ ಹಾಗೆ.

ಇದನ್ನು ಹಳೇ 'ಲೈಟ್' ಸಿಗರೇಟಿನ ಜೊತೆ ಸೇರಿಸಬೇಡಿ. ಲೈಟ್‌ನಲ್ಲಿ ಫಿಲ್ಟರಿಗೆ ಸಣ್ಣ ತೂತುಗಳು, ಒಳಗಿನ ಸೊಪ್ಪಿನಲ್ಲಿ ಬೇಕಾದಷ್ಟು ನಿಕೋಟಿನ್. ಸೇದುವವನು ಗೊತ್ತಿಲ್ಲದೇ ಬೆರಳಲ್ಲಿ ತೂತು ಮುಚ್ಚುತ್ತಾನೆ, ಜೋರಾಗಿ ಎಳೆಯುತ್ತಾನೆ, ಇನ್ನೊಂದು ಹಚ್ಚುತ್ತಾನೆ. ಕೊನೆಗೆ ಲೆಕ್ಕ ಸರಿ ಮಾಡಿಕೊಂಡೇ ಬಿಡುತ್ತಾನೆ. ಇದರಲ್ಲಿ ಆ ಆಟ ನಡೆಯುವುದಿಲ್ಲ. ಎಷ್ಟೇ ಎಳೆದರೂ ಸೊಪ್ಪಿನಲ್ಲಿ ಇದ್ದರೆ ತಾನೇ ಬರೋದು? ನಾನೂ ಶುರುವಿನಲ್ಲಿ ಜೋರಾಗಿ ಎಳೆದು ನೋಡಿದೆ. ಗಂಟಲು ಕೆರೆಯಿತು ಅಷ್ಟೇ.

2015ರಲ್ಲಿ ಬಂದ ಒಂದು ದೊಡ್ಡ ಪ್ರಯೋಗದ ಫಲಿತಾಂಶವೂ ಹೀಗೇ ಇದೆ. ಸೇದುವ 840 ಜನರಿಗೆ ಆರು ವಾರ ಬೇರೆ ಬೇರೆ ನಿಕೋಟಿನ್ ಮಟ್ಟದ ಸಿಗರೇಟು ಕೊಟ್ಟರು. ಒಂದು ಗ್ರಾಂ ಸೊಪ್ಪಿಗೆ 15.8 ಮಿಲಿಗ್ರಾಂ, ಅಂದರೆ ಮಾಮೂಲಿ ಮಟ್ಟದ ನಿಕೋಟಿನ್ ಇದ್ದದ್ದನ್ನು ಸೇದಿದವರು ಕೊನೆಗೆ ದಿನಕ್ಕೆ ಸರಾಸರಿ 21 ಸೇದುತ್ತಿದ್ದರು. 0.4 ಮಿಲಿಗ್ರಾಂನವರು ಸುಮಾರು 15ಕ್ಕೆ ಇಳಿದಿದ್ದರು. ಅವರಿಗೆ ಬಿಡಿ ಅಂತ ಯಾರೂ ಹೇಳಿರಲಿಲ್ಲ, ಆಸೆ ತಾನಾಗೇ ತಗ್ಗಿತ್ತು.

ನನಗೂ ಹಾಗೇ ಆಯಿತು, ಆದರೆ ಹಳೇ ಪ್ಯಾಕ್ ಮನೆಯಲ್ಲಿ ಇಲ್ಲದಾಗ ಮಾತ್ರ. ಅದು ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಇದ್ದಷ್ಟು ದಿನ ವಿಎಲ್‌ಎನ್ ಸೇದಿ, ಮೇಲೆ ಅದನ್ನೂ ಸೇದುತ್ತಿದ್ದೆ. ದುಡ್ಡು ಡಬಲ್, ಹೊಗೆಯೂ ಡಬಲ್. ಹಳೇದನ್ನು ತರುವುದೇ ನಿಲ್ಲಿಸಿದ ಮೇಲೆ ಮೊದಲ ಕೆಲವು ದಿನ ಸಿಡುಕು ಜಾಸ್ತಿ, ಮನೆಯವರು ಮಾತಾಡಿಸಲೂ ಹೆದರುತ್ತಿದ್ದರು. ಆಮೇಲೆ ಊಟವಾದ ಕೂಡಲೇ ಕೈ ಜೇಬಿಗೆ ಹೋಗುತ್ತಿತ್ತು, ಹಚ್ಚುತ್ತಿದ್ದೆ, ಅರ್ಧಕ್ಕೇ ಬೇಜಾರಾಗಿ ಆರಿಸುತ್ತಿದ್ದೆ. ಕೈಯ ಚಟ ಬೇರೆ, ತಲೆಯ ಚಟ ಬೇರೆ ಅಂತ ಆಗ ತಿಳಿಯಿತು.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಇದು ಆರೋಗ್ಯದ ಸಿಗರೇಟಲ್ಲ. ಟಾರ್, ಕಾರ್ಬನ್ ಮಾನಾಕ್ಸೈಡ್ ಎಲ್ಲಾ ಹಾಗೇ ಇದೆ, ಸೊಪ್ಪು ಸುಟ್ಟರೆ ಬರದೆ ಇರುತ್ತದಾ? ನಿಕೋಟಿನ್ ಕಡಿಮೆ ಅಂದರೆ ಅಪಾಯ ಕಡಿಮೆ ಅಂತಲ್ಲ ಎಂದು ಕಂಪನಿಯೇ ಪ್ಯಾಕ್ ಮೇಲೆ ಹಾಕಿದೆ. ಸೇದದವರು ಇದನ್ನು ಮುಟ್ಟುವ ಕಾರಣವೇ ಇಲ್ಲ.

ಮೆಂಥಾಲ್‌ನದ್ದೂ ಇದೆ, ನಾನು ಮೆಂಥಾಲ್ ಸೇದಲ್ಲ, ಹಾಗಾಗಿ ಗೊತ್ತಿಲ್ಲ. ಬಿಡಬೇಕು ಅಂತ ಮನಸ್ಸಿದ್ದು, ನಿಕೋಟಿನ್ ಗಮ್ ಅಗಿದು ಸಾಕಾಗಿದ್ದು, ಕೈಗೆ ಏನಾದರೂ ಬೇಕೇ ಬೇಕು ಅನ್ನುವವರು ಪ್ರಯತ್ನಿಸಬಹುದು. ಅಂಥವರ ಮಟ್ಟಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಹಳೇ ಪ್ಯಾಕ್ ಪಕ್ಕದಲ್ಲೇ ಇಟ್ಟುಕೊಂಡು ಸೇದುವವರಿಗೆ ಒಂದು ಕೊಡುವುದೂ ಜಾಸ್ತಿ.