ಗೋಧಿ ಬಿಡುವುದು ಸಲೀಸು, ಹಾಲು ಬಿಡಲು ಲೆಕ್ಕ ಬೇಕು: ಆಟಿಸಂ ಪಥ್ಯದ ಕರಾವಳಿ ವಿಮರ್ಶೆ

ಆಟಿಸಂ ಇರುವ ಹದಿಹರೆಯದ ಮಕ್ಕಳಿಗೆಂದು ಹೇಳಲಾಗುವ ‘ಜಿಎಫ್‌ಸಿಎಫ್’ ಪಥ್ಯದಲ್ಲಿ ಎರಡು ಪ್ರೋಟೀನುಗಳನ್ನು ಪೂರ್ತಿ ಬಿಡಬೇಕು: ಗೋಧಿ, ಜವೆಗೋಧಿ, ರೈ ಧಾನ್ಯಗಳಲ್ಲಿರುವ ಗ್ಲೂಟೆನ್ ಮತ್ತು ಹಾಲಿನ ಕೇಸೀನ್. ಅಂಕ ಮೊದಲೇ ಹೇಳಿಬಿಡೋಣ. ಮಾತು, ಬೆರೆಯುವಿಕೆ, ಒಂದನ್ನೇ ಮತ್ತೆ ಮತ್ತೆ ಮಾಡುವ ಸ್ವಭಾವ ಬದಲಾಗಲಿ ಎಂದು ಮಾಡುವುದಾದರೆ 5ರಲ್ಲಿ 1. ಹೊಟ್ಟೆಯುಬ್ಬರ, ಭೇದಿ, ಮಲಬದ್ಧತೆಯಿಂದ ಒದ್ದಾಡುವ ಹುಡುಗನಿಗೆ ಡಾಕ್ಟರ ಕಣ್ಗಾವಲಿನಲ್ಲಿ ಮಾಡುವುದಾದರೆ 3.

ಈ ಎರಡು ಪ್ರೋಟೀನು ಅರೆಬರೆ ಜೀರ್ಣವಾಗಿ ಅಫೀಮಿನಂಥ ತುಣುಕುಗಳಾಗಿ ಮಿದುಳಿಗೆ ಹೋಗುತ್ತವೆ ಎಂಬುದು ಪಥ್ಯದ ಹಿಂದಿನ ಊಹೆ. ಅಫೀಮು–ಆಟಿಸಂ ನಂಟನ್ನು ನರವಿಜ್ಞಾನಿ ಯಾಕ್ ಪಾಂಕ್ಸೆಪ್ 1979ರಲ್ಲೇ ಮುಂದಿಟ್ಟಿದ್ದರು. ಡೆನ್ಮಾರ್ಕಿನಲ್ಲಿ 72 ಮಕ್ಕಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನ ಸ್ವಲ್ಪ ಸುಧಾರಣೆ ತೋರಿಸಿತು. ಆದರೆ ಯಾವ ಮಗು ಪಥ್ಯದಲ್ಲಿದೆ ಎಂದು ಹೆತ್ತವರಿಗೆ ಗೊತ್ತಿತ್ತು. ಅಮೆರಿಕದ ರಾಚೆಸ್ಟರ್‌ನಲ್ಲಿ ಯಾವಾಗ ಏನು ಕೊಟ್ಟದ್ದೆಂದು ಯಾರಿಗೂ ತಿಳಿಯದಂತೆ 14 ಮಕ್ಕಳಿಗೆ ಗೋಧಿ, ಹಾಲು ಕೊಟ್ಟು ನೋಡಿದಾಗ ನಿದ್ದೆ, ಮಲ, ವರ್ತನೆ ಯಾವುದರಲ್ಲೂ ವ್ಯತ್ಯಾಸ ಕಾಣಲಿಲ್ಲ. ಆಟಿಸಂನ ಮೂಲ ಲಕ್ಷಣಗಳಿಗೆ ಈ ಪಥ್ಯ ಬಳಸಬೇಡಿ ಎಂದು ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಕೊಡುವ ನೈಸ್ ಸಂಸ್ಥೆ 2013ರಲ್ಲೇ ಹೇಳಿದೆ.

ಮತ್ತೆ ಕೆಲವು ಮನೆಗಳಲ್ಲಿ ‘ಹಾಲು ಬಿಟ್ಟ ಮೇಲೆ ರಂಪ ಕಡಿಮೆಯಾಯ್ತು’ ಎನ್ನುತ್ತಾರಲ್ಲ? ಸುಳ್ಳಲ್ಲದಿರಬಹುದು. ಹಾಲಿನ ಸಕ್ಕರೆ (ಲ್ಯಾಕ್ಟೋಸ್) ಜೀರ್ಣವಾಗದವರು ನಮ್ಮ ಕಡೆ ಬಹಳ. ಮಾತು ಬಾರದ ಮಗು ಹೊಟ್ಟೆನೋವನ್ನು ಹೇಳದೆ ಗೋಡೆಗೆ ತಲೆ ಚಚ್ಚಿಕೊಳ್ಳುತ್ತದೆ. ನೋವು ಹೋದರೆ ಚಚ್ಚುವುದೂ ನಿಲ್ಲುತ್ತದೆ. ತೊಂದರೆ ಅದೇ ಆಗಿದ್ದರೆ ಲ್ಯಾಕ್ಟೋಸ್ ಇಲ್ಲದ ಹಾಲು ಸಾಕು, ಇಷ್ಟೆಲ್ಲ ಪಥ್ಯ ಬೇಡ.

ಗೋಧಿ ಬಿಡಿಸುವ ಮೊದಲೇ, ಗ್ಲೂಟೆನ್ ತಿಂದರೆ ಸಣ್ಣ ಕರುಳು ಕೆಡುವ ಸೀಲಿಯಾಕ್ ಕಾಯಿಲೆಯ ರಕ್ತಪರೀಕ್ಷೆ (ಟಿಟಿಜಿ–ಐಜಿಎ, ಜೊತೆಗೆ ಒಟ್ಟು ಐಜಿಎ) ಮಾಡಿಸಿ. ಬಿಟ್ಟ ಮೇಲೆ ಮಾಡಿಸಿದರೆ ಕಾಯಿಲೆ ಇದ್ದರೂ ಇಲ್ಲ ಎಂದು ಬರಬಹುದು. ಆಗ ಪರೀಕ್ಷೆಗಾಗಿಯೇ ಕನಿಷ್ಠ 6 ವಾರ ದಿನಾ ಗೋಧಿ ತಿನ್ನಿಸಬೇಕಾಗುತ್ತದೆ. ಸಾವಿರಾರು ರೂಪಾಯಿಯ ‘ಆಹಾರ ಐಜಿಜಿ’ ರಕ್ತಪರೀಕ್ಷೆಗೆ ದುಡ್ಡು ಸುರಿಯಬೇಡಿ. ಅದು ಮಗು ಏನು ತಿಂದಿದೆ ಎಂದು ಹೇಳುತ್ತದೆ, ಏನು ಆಗದು ಎಂದಲ್ಲ.

ಮನೆಯೊಳಗೆ ಗ್ಲೂಟೆನ್ ಬಿಡುವುದರಲ್ಲಿ ಮಂಗಳೂರು, ಉಡುಪಿಯವರಷ್ಟು ಅದೃಷ್ಟವಂತರಿಲ್ಲ. ನೀರುದೋಸೆ, ಪುಂಡಿ, ಕೊಟ್ಟೆ ಕಡುಬು, ಪತ್ರೊಡೆ, ಅಕ್ಕಿ ಸೇಮಿಗೆ, ಕೋರಿ ರೊಟ್ಟಿ, ಕುಚ್ಚಲಕ್ಕಿ ಗಂಜಿ ಎಲ್ಲವೂ ಗ್ಲೂಟೆನ್ ಇಲ್ಲದವೇ. ಹಾಗಾಗಿ ಸೂಪರ್ ಮಾರ್ಕೆಟ್ಟಿನ ‘ಗ್ಲೂಟೆನ್ ಫ್ರೀ’ ಹಿಟ್ಟಿನ ಪೊಟ್ಟಣಕ್ಕೆ ಕೈ ಹಾಕುವ ಅಗತ್ಯವೇ ಕಡಿಮೆ. ಬೆಲೆ ಗೋಧಿಹಿಟ್ಟಿನ ಕೆಲವು ಪಟ್ಟು. ಹಲವದರಲ್ಲಿ ಮರಗೆಣಸು, ಮೆಕ್ಕೆಜೋಳದ ಪಿಷ್ಟವೇ ಹೆಚ್ಚು, ನಾರು ಕಡಿಮೆ, ಮೊದಲೇ ಮಲಬದ್ಧತೆ ಇರುವವರಿಗೆ ಇನ್ನಷ್ಟು ಕಷ್ಟ. ಚಪಾತಿಯೇ ಬೇಕೆಂದು ಹಟ ಹಿಡಿಯುವವರಿಗೆ 200 ಗ್ರಾಂ ಅಕ್ಕಿ–ಜೋಳದ ಹಿಟ್ಟಿಗೆ ಒಂದು ದೊಡ್ಡ ಚಮಚ ಇಸಬ್‌ಗೋಲ್ ಸೇರಿಸಿ, ಕುದಿನೀರಿನಲ್ಲಿ ಕಲಸಿ, 10 ನಿಮಿಷ ಮುಚ್ಚಿಡಿ. ತಣ್ಣೀರಲ್ಲಿ ಕಲಸಿದರೆ ಲಟ್ಟಿಸುವಾಗಲೇ ಒಡೆಯುತ್ತದೆ, ಹಿಟ್ಟು ಹಿಡಿದಿಡಲು ಗ್ಲೂಟೆನ್ ಇಲ್ಲವಲ್ಲ. ಪೊಟ್ಟಣ ಕೊಳ್ಳಲೇಬೇಕಾದರೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಮಿತಿ ನೆನಪಿರಲಿ: ಗ್ಲೂಟೆನ್ ಕಿಲೋಗೆ 20 ಮಿಲಿಗ್ರಾಂ ಮೀರಿದರೆ ಅದು ಗ್ಲೂಟೆನ್ ಫ್ರೀ ಅಲ್ಲ.

ಪಥ್ಯ ಕೆಡುವುದು ಹೋಟೆಲಿನಲ್ಲಿ, ಅದೂ ಇಂಗಿನಿಂದ. ಅಂಗಡಿಯಲ್ಲಿ ಸಿಗುವ ಬೆರಕೆ ಇಂಗು ಎಂದರೆ ಇಂಗಿನ ಅಂಟು, ಪಿಷ್ಟ, ಹಿಟ್ಟುಗಳ ಮಿಶ್ರಣ. ಆ ಹಿಟ್ಟು ಎಷ್ಟೋ ಸಲ ಮೈದಾ. ಬೆಳ್ಳುಳ್ಳಿ ಹಾಕದ ಉಡುಪಿ ಅಡುಗೆಯಲ್ಲಿ ಇಂಗಿಲ್ಲದ ಸಾರು ಎಲ್ಲಿ ಸಿಕ್ಕೀತು ಮಾರಾಯ್ರೆ? ಮನೆಗೆ ಅಕ್ಕಿಹಿಟ್ಟು ಬೆರೆಸಿದ ಇಂಗನ್ನು ಲೇಬಲ್ ಓದಿ ತನ್ನಿ. ಹೊರಗೆ ಸಾಂಬಾರಿನ ಬದಲು ಒಗ್ಗರಣೆ ಹಾಕದ ಕಾಯಿಚಟ್ನಿ ಕೇಳಿ. ಸಜ್ಜಿಗೆ–ಬಜಿಲ್‌ನಲ್ಲಿ ಬಜಿಲ್ (ಅವಲಕ್ಕಿ) ಆಗುತ್ತದೆ, ಸಜ್ಜಿಗೆ (ಉಪ್ಪಿಟ್ಟು) ರವೆಯದ್ದು, ಆಗದು. ಗೋಳಿಬಜೆ ಮತ್ತು ಬನ್ಸ್ ಮೈದಾ, ಮೊಸರು ಎರಡರಲ್ಲೂ ಸೋಲುತ್ತವೆ. ಮೀನಿನಲ್ಲಿ ತವಾ ಫ್ರೈ ಕೇಳಿ, ರವಾ ಫ್ರೈ ಅಲ್ಲ. ಘೀ ರೋಸ್ಟ್‌ಗೆ ತುಪ್ಪದ ಜೊತೆ ಮೊಸರೂ ಬೀಳುತ್ತದೆ. ಮಸಾಲೆ ದೋಸೆಯ ಹಿಟ್ಟು ಸರಿಯಿದ್ದರೂ ಅದೇ ಕಾವಲಿಯಲ್ಲಿ ಹಿಂದಿನ ರವಾ ದೋಸೆ ಎದ್ದಿರುತ್ತದೆ, ಮೇಲೆ ಬೆಣ್ಣೆ ಬೇರೆ. ಗಡ್‌ಬಡ್ ಬಗ್ಗೆ ಹೇಳುವುದೇ ಬೇಡ. ತೆಂಗಿನಹಾಲಿನ ಕಡ್ಲೆಬೇಳೆ ಪಾಯಸಕ್ಕೆ ತುಪ್ಪ ಬೀಳದಿದ್ದರೆ ಅದೊಂದು ಸಿಹಿ ಧೈರ್ಯವಾಗಿ ಕೊಡಬಹುದು.

ಹಾಲಿಗೆ ಬರೋಣ. ಎ2 ಹಾಲು, ಆಡಿನ ಹಾಲು, ಲ್ಯಾಕ್ಟೋಸ್ ಇಲ್ಲದ ಹಾಲು ಮೂರರಲ್ಲೂ ಕೇಸೀನ್ ಇದೆ. ‘ನಾನ್ ಡೈರಿ’ ಕ್ರೀಮರ್ ಪುಡಿಯಲ್ಲಿ ಸೋಡಿಯಂ ಕೇಸಿನೇಟ್ ಎಂಬ ಹೆಸರಲ್ಲಿ ಅಡಗಿರುತ್ತದೆ. ಸರಕಾರಿ ಶಾಲೆಗೆ ಹೋಗುವ ಮಗುವಾದರೆ ಕ್ಷೀರಭಾಗ್ಯದ ಲೋಟದ ಬಗ್ಗೆ ಮುಖ್ಯೋಪಾಧ್ಯಾಯರಿಗೆ ಮೊದಲೇ ತಿಳಿಸಿ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಶಿಫಾರಸಿನ ಪ್ರಕಾರ 13ರಿಂದ 15 ವಯಸ್ಸಿನವರಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು, 16ರಿಂದ 18ಕ್ಕೆ 1050. ಎರಡು ದೊಡ್ಡ ಲೋಟ, ಅಂದರೆ 400 ಮಿಲಿ ಹಾಲು ನಿಲ್ಲಿಸಿದರೆ ಸುಮಾರು 480 ಮಿಲಿಗ್ರಾಂ ಕೈಬಿಟ್ಟ ಹಾಗೆ. ತೆಂಗಿನಹಾಲು ಆ ಜಾಗ ತುಂಬದು, ಅದರಲ್ಲಿ ಕ್ಯಾಲ್ಸಿಯಂ ಇಲ್ಲವೆಂಬಷ್ಟೇ. 50 ಗ್ರಾಂ ರಾಗಿಯ ಮಣ್ಣಿಯಲ್ಲಿ ಸುಮಾರು 175, ಸಿಪ್ಪೆ ಸಹಿತ 20 ಗ್ರಾಂ ಎಳ್ಳಿನ ಚಟ್ನಿಪುಡಿಯಲ್ಲಿ 250ರ ಹತ್ತಿರ. ಬಿಳಿ, ಸಿಪ್ಪೆ ತೆಗೆದ ಎಳ್ಳಿನಲ್ಲಿ ಅದರ ಅಲ್ಪಭಾಗ ಮಾತ್ರ. ರಾಗಿಯನ್ನು ಮೊಳಕೆ ಕಟ್ಟಿ ಒಣಗಿಸಿ ಪುಡಿ ಮಾಡಿದರೆ ಮೈಗೆ ಹತ್ತುವುದು ಹೆಚ್ಚು. ಮುಳ್ಳು ಸಮೇತ ತಿನ್ನುವ ಸಣ್ಣ ಬೂತಾಯಿ ಮೀನು ಚೆನ್ನ. ಬರೀ ಸಸ್ಯಾಹಾರದ ಮನೆಯಲ್ಲಿ ಹಾಲು ನಿಂತರೆ ಬಿ12 ಮೂಲವೇ ನಿಂತಂತೆ, ಮಾತ್ರೆ ಬೇಕೇ ಬೇಕು. ಡಾಕ್ಟರು ಕ್ಯಾಲ್ಸಿಯಂ ಕಾರ್ಬೊನೇಟ್ ಬರೆದರೆ ಊಟದೊಡನೆ, ಒಂದು ಸಲಕ್ಕೆ 500 ಮಿಲಿಗ್ರಾಂ ಮೀರದಂತೆ, ಕಬ್ಬಿಣದ ಮಾತ್ರೆಯಿಂದ ದೂರವಿಟ್ಟು ಕೊಡಿ.

ಮೊಸರನ್ನ ಬಿಡದವರಿಗೆ ಶೇಂಗಾ ಮೊಸರು: 100 ಗ್ರಾಂ ಶೇಂಗಾ 8 ಗಂಟೆ ನೆನೆಸಿ, ಸಿಪ್ಪೆ ತೆಗೆದು, ಅರ್ಧ ಲೀಟರ್ ನೀರಲ್ಲಿ ರುಬ್ಬಿ ಸೋಸಿ, ತಳ ಹಿಡಿಯದಂತೆ 10 ನಿಮಿಷ ಕುದಿಸಿ. ಉಗುರುಬೆಚ್ಚಗಾದಾಗ ತೊಟ್ಟು ಸಹಿತ ನಾಲ್ಕೈದು ಹಸಿಮೆಣಸು ಮುಳುಗಿಸಿಡಿ. ಬಿಸಿ ಹೆಚ್ಚಿದ್ದರೆ ಹೆಪ್ಪಾಗದು. ಮೊದಲ ಸಲ ತೆಳ್ಳಗೇ ಬರುತ್ತದೆ. ಅದರದ್ದೇ ಒಂದು ಚಮಚ ಎರಡನೇ ಸಲಕ್ಕೆ ಹೆಪ್ಪು ಹಾಕಿದರೆ ಗಟ್ಟಿಯಾಗುತ್ತದೆ.

ಹದಿಹರೆಯದವರ ವಿಷಯದಲ್ಲಿ ಇನ್ನೊಂದು ತೊಡಕಿದೆ. ಐದಾರು ಪದಾರ್ಥ ಮಾತ್ರ ತಿನ್ನುವ ಹುಡುಗನ ತಟ್ಟೆಯಿಂದ ಬಿಸ್ಕತ್ತು, ಹಾಲು, ಚಪಾತಿ ತೆಗೆದರೆ ಉಳಿಯುವುದೇನು? ಅಂಥವನಿಗೆ ಈ ಪಥ್ಯ ಬೇಡವೇ ಬೇಡ. ಉಳಿದವರಿಗೆ ಮಾಡುವುದಾದರೆ ಎರಡು ವಾರ ಏನೂ ಬದಲಿಸದೆ ನಿದ್ದೆಯ ಗಂಟೆ, ಮಲವಿಸರ್ಜನೆ, ರಂಪದ ಲೆಕ್ಕ ಬರೆದಿಡಿ. ನಂತರ ಒಂದನ್ನು ಮಾತ್ರ, ಹಾಲು ಅಥವಾ ಗೋಧಿ, 6 ವಾರ ಬಿಡಿಸಿ. ಆ ಅವಧಿಯಲ್ಲಿ ಔಷಧಿಯನ್ನೂ ಥೆರಪಿಯನ್ನೂ ಬದಲಿಸಬೇಡಿ, ಯಾವುದರಿಂದ ಏನಾಯಿತೆಂದು ಗೊತ್ತಾಗದು. ವಾರಕ್ಕೊಮ್ಮೆ ತೂಕ ನೋಡಿ, ಸತತ ಇಳಿದರೆ ಅಲ್ಲೇ ನಿಲ್ಲಿಸಿ. 6 ವಾರ ಕಳೆದ ಮೇಲೆ ಬಿಟ್ಟದ್ದನ್ನು ಮತ್ತೆ ಕೊಡಿ, ಶಾಲೆಯ ಟೀಚರಿಗೆ ಹೇಳದೆ. ಅವರು ಶಾಲೆಯಲ್ಲಿ ಬರೆದಿಡುವ ಲೆಕ್ಕದಲ್ಲಿ ಏನೂ ವ್ಯತ್ಯಾಸ ಕಾಣದಿದ್ದರೆ ಹಾಲಿನವನಿಗೆ ಮತ್ತೆ ಬರಲು ಹೇಳಿ.